ನೂರಾ ಹದಿನೆಂಟು ಗಂಟೆ

ಸದ್ದು ಸಣ್ಣದು. ಸ್ಟೀಲ್ ಲೋಟವೊಂದನ್ನು ಯಾರೋ ನೆಲದ ಮೇಲೆ ಮೆಲ್ಲಗೆ ಇಟ್ಟರೆ ಎಷ್ಟು ಸದ್ದಾಗುತ್ತದೋ ಅಷ್ಟೇ. ಹದಿಮೂರನೇ ತಾರೀಕು ಗುರುವಾರ ರಾತ್ರಿ ಹನ್ನೊಂದು ನಲವತ್ತಕ್ಕೆ ಅದು ವೃದ್ಧಾಶ್ರಮದ ರಾತ್ರಿಪಾಳಿಯ ಆಯಾಳ ಕಿವಿಗೆ ಬಿತ್ತು. ಔಷಧದ ಟ್ರಾಲಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ಕತ್ತೆತ್ತಿದಳು. ಮತ್ತೇನೂ ಕೇಳಿಸಲಿಲ್ಲ. ಇಪ್ಪತ್ತೆರಡು ಜನ ಮುದುಕರು ಮಲಗಿರುವ ಕಟ್ಟಡದಲ್ಲಿ ರಾತ್ರಿಯಿಡೀ ಏನಾದರೊಂದು ಇದ್ದೇ ಇರುತ್ತದೆ: ಕೆಮ್ಮು, ನಿದ್ದೆಯಲ್ಲಿ ಆಡುವ ಮಾತು, ಬಚ್ಚಲ ನೀರು. ಅವಳು ಎದ್ದು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಆಶ್ರಮದ ಮ್ಯಾನೇಜರ್ ಠಾಣೆಯ ಮೆಟ್ಟಿಲು ಹತ್ತಿದ. ಅವನ ಹಿಂದೆ ಒಬ್ಬ ಟೈಲರ್. ಅಂಗಡಿಯಿಂದ ಎದ್ದು ಬಂದವನು ಕೊರಳಿನ ಅಳತೆ ಟೇಪು ತೆಗೆಯುವುದನ್ನೇ ಮರೆತಿದ್ದ. ಟೈಲರಿನ ಹಿಂದೆ ಶಾಲೆಯ ಯೂನಿಫಾರ್ಮಿನಲ್ಲಿ ಅವನ ಮಗಳು. ಒಳಗೆ ಬಂದವಳು ಬಾಗಿಲು ಪೂರ್ತಿ ಮುಚ್ಚಿತೋ ಇಲ್ಲವೋ ಎಂದು ಒಮ್ಮೆ ತಿರುಗಿ ನೋಡಿದಳು. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು. ಅವರಿಗೂ ಅದೇ ಅಭ್ಯಾಸವಿತ್ತು.

"ಏನು ಕಳುವಾಗಿದೆ?"

"ರಿಜಿಸ್ಟರ್ ಮೇಡಂ," ಎಂದ ಮ್ಯಾನೇಜರ್. "ಹಸಿರು ರಟ್ಟಿಂದು. ಸೇವೆಗೆ ಬರೋ ಶಾಲೆ ಮಕ್ಕಳ ಗಂಟೆ ಬರೆಯೋ ಪುಸ್ತಕ."

"ಬೇರೇನು ಹೋಗಿದೆ?"

"ಏನೂ ಇಲ್ಲ. ಔಷಧದ್ದು, ಅಡುಗೆ ಸಾಮಾನಿಂದು, ಎಲ್ಲಾ ರಿಜಿಸ್ಟರೂ ಇವೆ. ಸಾಲಲ್ಲಿ ನಾಲ್ಕನೇದು ಮಾತ್ರ ಇಲ್ಲ."

ಠಾಣೆಯ ಮುಖ್ಯ ಪೇದೆ ಪೆನ್ನು ಕೆಳಗಿಟ್ಟರು. ಯಾವ ದೂರು ಬಂದರೂ ಮೊದಲು ಸಮಯ ಕೇಳುತ್ತಾರೆಂದು ಸಹೋದ್ಯೋಗಿಗಳು ಅವರಿಗೆ ಗಡಿಯಾರ ಎಂದು ಹೆಸರಿಟ್ಟಿದ್ದರು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಅದನ್ನೂ ಅವರು ದಿನ ಲೆಕ್ಕದಲ್ಲಿ ಹೇಳುತ್ತಿದ್ದರು.

"ಅಲ್ರೀ, ಒಂದು ಪುಸ್ತಕಕ್ಕೆ ಎಫ್‌ಐಆರ್ ಮಾಡೋಣ್ವಾ?" ಎಂದರು ಗಡಿಯಾರ. "ಎಲ್ಲೋ ಇಟ್ಟು ಮರೆತಿರ್ತೀರಿ. ಮರೆಯೋದೇ ಕಸುಬಾಗಿರೋ ಜಾಗ ಅದು."

"ಅದು ಪುಸ್ತಕ ಅಲ್ಲ ಸಾರ್," ಎಂದ ಟೈಲರ್. ಅವನ ಧ್ವನಿ ಏರಲಿಲ್ಲ. "ನನ್ನ ಮಗಳ ಎರಡು ವರ್ಷ ಅದು."

ಅವನು ಮಗಳನ್ನು ಮುಂದೆ ಬಿಟ್ಟ. ಮಗಳೇ ವಿವರಿಸಿದಳು. ಅವಳು ಅರ್ಜಿ ಹಾಕಬೇಕಾದ ಕಾಲೇಜಿಗೆ ವರ್ಷಕ್ಕೆ ಸಾವಿರಾರು ಅರ್ಜಿ ಬರುತ್ತವೆ, ತೆಗೆದುಕೊಳ್ಳುವುದು ಎಂಬತ್ತು ಜನರನ್ನು. ಅಂಕ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಅವರು ಪಾಠದ ಹೊರಗೆ ಏನು ಮಾಡಿದೆ ಎಂದು ನೋಡುತ್ತಾರೆ. ಸೇವೆ ಎಂದು ತೋರಿಸಿದರೆ ಒಂದೇ ಜಾಗದಲ್ಲಿ ನೂರಿಪ್ಪತ್ತು ಗಂಟೆ ಆಗಿರಬೇಕು. ಹಿಂದಿನ ವರ್ಷ ಯಾರೋ ಸುಳ್ಳು ಪತ್ರ ಕೊಟ್ಟು ಸಿಕ್ಕಿಬಿದ್ದಿದ್ದರು. ಈ ಸಲ ಸಂಸ್ಥೆಯ ಪತ್ರ ಸಾಲದು, ದಿನದಿನದ ಸಹಿ ಇರುವ ರಿಜಿಸ್ಟರಿನ ಪುಟಗಳ ಪ್ರತಿಯೇ ಬೇಕು. ಕೊನೆಯ ದಿನ ಇಪ್ಪತ್ತೊಂದನೇ ತಾರೀಕು ಶುಕ್ರವಾರ, ಸಂಜೆ ಐದು ಗಂಟೆ.

"ನಿಂದು ಎಷ್ಟಾಗಿತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ನೂರಾ ಹದಿನೆಂಟು. ಈ ಭಾನುವಾರ ಹೋಗಿದ್ರೆ ಮುಗೀತಿತ್ತು."

"ಅಲ್ಲಿ ಏನು ಮಾಡ್ತಿದ್ದೆ?"

"ಓದ್ತಿದ್ದೆ. ಏಳನೇ ರೂಮಿನ ಅಜ್ಜಿಗೆ ಕಣ್ಣು ಕಾಣಲ್ಲ. ಕತೆ ಪುಸ್ತಕ ಓದಿ ಹೇಳ್ತಿದ್ದೆ." ಸ್ವಲ್ಪ ತಡೆದು ಅವಳೇ ಸೇರಿಸಿದಳು: "ಕ್ಲಾಸಲ್ಲಿ ಬೇರೆಯವರು ಪಿಯಾನೋ ಕಲಿತಾರೆ, ಕುದುರೆ ಸವಾರಿಗೆ ಹೋಗ್ತಾರೆ. ನನ್ನ ಹತ್ರ ಇದ್ದಿದ್ದು ಗಂಟಲು ಒಂದೇ ಮೇಡಂ."

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

* * *

ಆಶ್ರಮದ ಕಚೇರಿ ಒಂದು ಕಿರಿದಾದ ಕೋಣೆ. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ತಾಗಿಸಿದ ಮರದ ಬೀರು. ಬೀರುವಿಗೆ ಜಾರುವ ಗಾಜಿನ ಬಾಗಿಲು. ಬೀಗ ಕೆಟ್ಟು ಎರಡು ತಿಂಗಳಾಗಿತ್ತು. ಗಾಜು ಬಿಗಿಯಾಗಿ ಕೂತಿದ್ದರಿಂದ ಎರಡೂ ಕೈ ಹಾಕಿ ತಳ್ಳಬೇಕಿತ್ತು. ಕಿಟಕಿಗೆ ಕಬ್ಬಿಣದ ಸರಳು. ಮುಂಬಾಗಿಲಿಗೆ ರಾತ್ರಿ ಒಂಬತ್ತಕ್ಕೇ ಒಳಗಿನಿಂದ ಬೀಗ, ಕೀಲಿ ಆಯಾಳ ಸೊಂಟದಲ್ಲಿ. ಇನ್‌ಸ್ಪೆಕ್ಟರ್ ಪ್ರತಿಯೊಂದು ಚಿಲಕವನ್ನೂ ಸ್ವತಃ ಎಳೆದು ನೋಡಿದರು.

ಹನ್ನೊಂದು ನಲವತ್ತೈದಕ್ಕೆ ಪಂಚನಾಮೆ ಶುರುವಾಯಿತು. ಗಡಿಯಾರ ಬರೆಯುತ್ತಾ ಹೋದರು. ಬೀರುವಿನ ಎರಡನೇ ಅಂತಸ್ತಿನಲ್ಲಿ ಐದು ರಿಜಿಸ್ಟರುಗಳ ಜಾಗದಲ್ಲಿ ನಾಲ್ಕು ನೇರವಾಗಿ ನಿಂತಿವೆ. ಮೂರನೆಯದಕ್ಕೂ ಐದನೆಯದಕ್ಕೂ ನಡುವೆ ಔಷಧದ ಡಬ್ಬದಿಂದ ಕತ್ತರಿಸಿದ ಒಂದು ರಟ್ಟಿನ ತುಂಡು ನಿಂತಿದೆ. ರಿಜಿಸ್ಟರಿನಷ್ಟೇ ಎತ್ತರ. ಮೂಲೆಯಲ್ಲಿ ಪೆನ್ಸಿಲಿನಿಂದ ವಕ್ರವಾಗಿ 13 ಎಂದು ಬರೆದಿದೆ. ಬೀರುವಿನ ಎದುರು ನೆಲದ ಧೂಳಿನಲ್ಲಿ ಒಣಗಿದ ನೀರಿನ ಒಂದು ದುಂಡು ಗುರುತು, ಅಡ್ಡಳತೆ ಆರೂವರೆ ಸೆಂಟಿಮೀಟರು.

"ಈ ರಟ್ಟು ಯಾರಿಟ್ಟಿದ್ದು?"

ಮ್ಯಾನೇಜರ್ ನೋಡಿದ. "ಗೊತ್ತಿಲ್ಲ ಮೇಡಂ. ಕಸ ಇರ್ಬೇಕು."

"ಕಸ ಹೀಗೆ ಅಟೆನ್ಷನ್‌ನಲ್ಲಿ ನಿಲ್ಲಲ್ಲ," ಎಂದರು ಗಡಿಯಾರ. ರಟ್ಟನ್ನು ಲಕೋಟೆಗೆ ಹಾಕಿ ಸೀಲು ಮಾಡಿದರು.

ಪಾಳಿ ಮುಗಿಸಿ ಮನೆಗೆ ಹೋಗಿದ್ದ ಆಯಾಳನ್ನು ಕರೆಸಿದರು. ತಾನು ಎದ್ದು ನೋಡದೇ ಇದ್ದದ್ದಕ್ಕೆ ಕೆಲಸ ಹೋಗುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

"ಸದ್ದು ಹೇಗಿತ್ತು ಹೇಳಮ್ಮ."

"ಲೋಟ ಇಟ್ಟ ಹಾಗೆ ಮೇಡಂ. ಬಿದ್ದ ಹಾಗಲ್ಲ, ಇಟ್ಟ ಹಾಗೆ. ಬಿದ್ದಿದ್ರೆ ನಾನು ಓಡ್ತಿದ್ದೆ."

"ರಾತ್ರಿ ಇವರು ರೂಮಿಂದ ಹೊರಗೆ ಬರ್ತಾರಾ?"

"ಹತ್ತರ ಮೇಲೆ ಬರೋ ಹಾಗಿಲ್ಲ. ನೀರಿಗೆ ಮಾತ್ರ ಬರಬಹುದು. ಫಿಲ್ಟರು ಆಚೆ ಇದೆ, ಕಚೇರಿ ದಾಟಿ ಹೋಗ್ಬೇಕು."

ಇನ್‌ಸ್ಪೆಕ್ಟರ್ ನೆಲದ ಗುರುತನ್ನು ಮತ್ತೊಮ್ಮೆ ನೋಡಿದರು. ಹೊರಗಿನಿಂದ ಬಂದ ಕಳ್ಳ ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡು ಬರುವುದಿಲ್ಲ. ಆದರೆ ಇಪ್ಪತ್ತೆರಡು ಜನರ ಬಳಿಯೂ ಒಂದೇ ಅಳತೆಯ ಲೋಟಗಳಿದ್ದವು. ಅವರಲ್ಲಿ ಕಾಲೇಜಿಗೆ ಅರ್ಜಿ ಹಾಕುವವರು ಯಾರೂ ಇರಲಿಲ್ಲ.

"ಹೊರಗಿನವರು ಒಳಗಿನವರ ಕೈಲಿ ತೆಗೆಸಿರಬಹುದು," ಎಂದರು ಗಡಿಯಾರ. ಅದೂ ಸಾಧ್ಯವಿತ್ತು.

ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದರು. ಮೂವರಿಗೆ ಅವರು ಪೊಲೀಸರು ಎನ್ನುವುದೇ ತಿಳಿಯಲಿಲ್ಲ. ಒಬ್ಬ ಹಳೆಯ ರೈಲ್ವೆ ಗಾರ್ಡು ತಾನೇ ಕದ್ದದ್ದು ಎಂದು ಒಪ್ಪಿಕೊಂಡ. ಏನನ್ನು ಎಂದು ಕೇಳಿದರೆ ಇಂಜಿನ್ ಅಂದ. ಏಳನೇ ರೂಮಿಗೆ ಬಂದಾಗ ಒಂದೂವರೆ. ಮಂಚ, ಕಿಟಕಿಯ ಕಡೆ ಮುಖ ಮಾಡಿದ ಒಂದು ಕುರ್ಚಿ, ಎದುರಿಗೆ ಇನ್ನೊಂದು ಖಾಲಿ ಕುರ್ಚಿ. ಗೋಡೆಯ ಕಪಾಟಿನಲ್ಲಿ ಒಂದು ಸಾಲು ಪುಸ್ತಕ. ಹೆಚ್ಚಿನವುಗಳಿಂದ ಬಿಳಿ ಚೀಟಿಗಳು ನಾಲಿಗೆ ಚಾಚಿದ್ದವು. ಅಜ್ಜಿ ನೋಡುವಾಗ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತಿದ್ದರು. ಕಣ್ಣಿನ ನಡುಭಾಗ ಹೋಗಿತ್ತು, ಅಂಚು ಮಾತ್ರ ಉಳಿದಿತ್ತು.

"ನಿನ್ನೆ ರಾತ್ರಿ ಏನಾದ್ರೂ ಕೇಳಿಸ್ತಾ ಅಮ್ಮ?"

"ಕಣ್ಣು ಹೋದವರಿಗೆ ಕಿವಿ ಜಾಸ್ತಿ ಆಗುತ್ತೆ ಅಂದ್ಕೊಂಡಿದೀರಾ? ಅದೂ ಹೋಗಿದೆ ನಂಗೆ," ಎಂದರು ಅಜ್ಜಿ. ನಂತರ, "ಭಾನುವಾರ ಹುಡುಗಿ ಬರ್ತಾಳಲ್ಲ?"

"ವಿಚಾರಣೆ ಮುಗಿಯೋವರೆಗೂ ಹೊರಗಿನವರು ಬೇಡ ಅಂತ ಮ್ಯಾನೇಜರ್ ಹೇಳಿದಾರೆ."

ಅಜ್ಜಿಯ ಬೆರಳು ಕುರ್ಚಿಯ ತೋಳಿನ ಮೇಲೆ ನಿಂತಿತು. ಇಷ್ಟಾಗುತ್ತದೆ ಎಂದು ಎಣಿಸಿರಲಿಲ್ಲ ಎಂಬಂತೆ. ಇನ್‌ಸ್ಪೆಕ್ಟರ್ ಅದನ್ನು ಕಂಡರು, ಬೇಸರ ಎಂದುಕೊಂಡರು.

* * *

ಹದಿನೈದನೇ ತಾರೀಕು ಶನಿವಾರ ಒಂಬತ್ತೂವರೆಗೆ ಅವರು ಶಾಲೆಯಲ್ಲಿದ್ದರು. ಮಕ್ಕಳ ಅರ್ಜಿ ನೋಡಿಕೊಳ್ಳುವ ಕೌನ್ಸೆಲರ್‌ಗೆ ಒಂದು ಬೆಚ್ಚಗಿನ ಕೋಣೆಯಿತ್ತು. ಗೋಡೆಯ ಮೇಲೆ ದೊಡ್ಡ ಪಟ್ಟಿ: ಎಡಕ್ಕೆ ಮಕ್ಕಳ ಹೆಸರು, ಮೇಲೆ ಕ್ರೀಡೆ, ಸಂಗೀತ, ಸೇವೆ, ನಾಯಕತ್ವ. ತುಂಬಿದ ಚೌಕಗಳಿಗೆ ಬಣ್ಣ ಹಚ್ಚಿತ್ತು. ಟೈಲರ್ ಮಗಳ ಸಾಲಿನಲ್ಲಿ ಒಂದೇ ಚೌಕ, ಅದೂ ಅರ್ಧ ಬಣ್ಣ.

"ಆಯ್ಕೆ ಸಮಿತಿಯವರು ಒಂದು ಅರ್ಜಿ ನೋಡೋದು ಹತ್ತು ನಿಮಿಷ ಮೇಡಂ," ಎಂದರು ಕೌನ್ಸೆಲರ್. "ಹತ್ತು ನಿಮಿಷದಲ್ಲಿ ಮಗು ಬದುಕಿದೆ ಅಂತ ಅವರಿಗೆ ಗೊತ್ತಾಗ್ಬೇಕು. ಹತ್ತು ಕಡೆ ಕೈ ಹಾಕೋದಕ್ಕಿಂತ ಒಂದನ್ನೇ ಬಹಳ ದಿನ ಮಾಡು ಅಂತ ನಾನೇ ಆ ಹುಡುಗಿಗೆ ಹೇಳಿದ್ದು. ಪಾಪ, ಮಾಡಿದ್ಲು."

"ರಿಜಿಸ್ಟರ್ ಇಲ್ಲದಿದ್ರೆ?"

"ಇಲ್ಲದಿದ್ರೆ ಏನೂ ಮಾಡಿಲ್ಲ ಅಂತಲೇ ಲೆಕ್ಕ."

"ಅದು ಕಳೆದ್ರೆ ಯಾರಿಗೆ ಅನುಕೂಲ?"

ಕೌನ್ಸೆಲರ್ ಕಣ್ಣು ಪಟ್ಟಿಯ ಕಡೆ ಹೋಯಿತು. ವೈದ್ಯರೊಬ್ಬರ ಮಗನ ಸಾಲಿನಲ್ಲಿ ಎಲ್ಲ ಚೌಕಗಳೂ ಬಣ್ಣದಲ್ಲಿ ತೊಯ್ದಿದ್ದವು. ಆಶ್ರಮದಲ್ಲಿ ನೂರಾ ನಲವತ್ತು ಗಂಟೆ ಎಂದು ಬರೆದಿತ್ತು. ಮ್ಯಾನೇಜರ್ ನೆನಪಿನ ಪ್ರಕಾರ ಆ ಹುಡುಗ ಬಂದದ್ದು ಹದಿನೈದು ಸಲವೂ ಇಲ್ಲ.

ಹೊರಡುವಾಗ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತರು. "ಗಂಟೆ ಮುಗಿದ ಮೇಲೆ ಈ ಮಕ್ಕಳು ಹೋಗ್ತಾರಾ?"

"ಎಲ್ಲಿಗೆ?"

"ಆಶ್ರಮಕ್ಕೆ."

"ಆಮೇಲೆ ಪರೀಕ್ಷೆ ಶುರುವಾಗುತ್ತಲ್ಲ ಮೇಡಂ," ಎಂದರು ಕೌನ್ಸೆಲರ್. ಅವರ ಧ್ವನಿಯಲ್ಲಿ ತಪ್ಪಿನ ಸುಳಿವೂ ಇರಲಿಲ್ಲ.

ವೈದ್ಯರ ಮಗನನ್ನು ಹನ್ನೊಂದು ಗಂಟೆಗೆ, ಅವನ ತಾಯಿಯ ಎದುರಿನಲ್ಲಿ, ಅವರ ಮನೆಯಲ್ಲಿ ವಿಚಾರಿಸಿದರು.

"ಎಷ್ಟು ಸಲ ಹೋಗಿದೀಯ?"

"ಲೆಕ್ಕ ಇಟ್ಟಿಲ್ಲ."

"ನೂರಾ ನಲವತ್ತು ಅಂತ ಲೆಕ್ಕ ಕೊಟ್ಟಿದೀಯಲ್ಲ."

ಹುಡುಗ ತಾಯಿಯ ಕಡೆ ನೋಡಿದ. ತಾಯಿ ಸೋಫಾದ ದಿಂಬನ್ನು ನೆಟ್ಟಗೆ ಮಾಡಿದರು.

"ಗುರುವಾರ ರಾತ್ರಿ ಎಲ್ಲಿದ್ದೆ?"

"ಬ್ಯಾಡ್ಮಿಂಟನ್ ಟೂರ್ನಮೆಂಟಲ್ಲಿ. ಬೇರೆ ಊರು. ಶುಕ್ರವಾರ ಮಧ್ಯಾಹ್ನ ಬಂದೆ." ಫೋಟೋ ತೋರಿಸಿದ. ಬಸ್ಸಿನ ಟಿಕೇಟೂ ಇತ್ತು. "ಪುಸ್ತಕ ಸಿಗದಿದ್ರೆ ನನ್ನ ಲೆಕ್ಕ ಯಾರೂ ತಾಳೆ ನೋಡೋಕಾಗಲ್ಲ, ನಂಗೆ ಒಳ್ಳೇದೇ ಮೇಡಂ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ತಗೊಂಡಿಲ್ಲ. ಆ ಕಡೆ ಹೋಗಿ ವರ್ಷ ಆಯ್ತು. ಮೊದಮೊದಲು ಏಳನೇ ರೂಮಿಗೇ ಹಾಕಿದ್ರು ನನ್ನ. ಆ ಅಜ್ಜಿ ಬಿಡೋದೇ ಇಲ್ಲ. ಟೈಮಾಯ್ತು ಅಂದ್ರೂ ಇನ್ನೊಂದು ಪುಟ, ಇನ್ನೊಂದೇ ಪುಟ ಅಂತಾರೆ."

"ಓದಿದ್ರೆ ಏನಾಗ್ತಿತ್ತು?"

"ಬಸ್ಸು ತಪ್ತಿತ್ತು."

ಹೊರಗೆ ಬಂದು ಜೀಪು ಹತ್ತುವಾಗ ಗಡಿಯಾರ ಹೇಳಿದರು: "ನಮ್ಮ ಕಾಲದಲ್ಲಿ ಆಟ ಅಂದ್ರೆ ಮನೆಗೆ ಲೇಟಾಗಿ ಬಂದು ಒದೆ ತಿನ್ನೋ ವಿಷಯ. ಈಗ ಅದನ್ನೂ ಫೈಲ್ ಮಾಡಿ ಇಡ್ತಾರೆ."

ಇನ್‌ಸ್ಪೆಕ್ಟರ್ ಜೀಪಿನ ಬಾಗಿಲು ಸರಿಯಾಗಿ ಮುಚ್ಚಿತೇ ಎಂದು ಎಳೆದು ನೋಡಿದರು. ಅವರು ಇಲಾಖೆಗೆ ಸೇರಿದ್ದೇ ಕ್ರೀಡಾ ಕೋಟಾದಲ್ಲಿ. ಕಾಲೇಜಿನಲ್ಲಿ ಜಾವೆಲಿನ್ ಎಸೆಯುತ್ತಿದ್ದರು. ನೇಮಕಾತಿ ಪತ್ರ ಬಂದ ವಾರದಿಂದ ಅದನ್ನು ಮುಟ್ಟಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಕ್ವಾರ್ಟರ್ಸಿನ ಅಟ್ಟದಲ್ಲಿ ಅದು ಇನ್ನೂ ಇತ್ತು, ಹಳೇ ಸೀರೆ ಸುತ್ತಿಕೊಂಡು.

ಭಾನುವಾರ ಅವರಿಗೆ ರಜೆ. ಬೆಳಿಗ್ಗೆ ಬಟ್ಟೆ ಒಗೆದು ಹರವಿದರು, ಗ್ಯಾಸ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿದರು, ಕೇಸಿನ ಫೈಲನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರು. ಸಂಜೆಯವರೆಗೆ ಫೋನು ಒಂದು ಸಲ ಮಾತ್ರ ಹೊಡೆದುಕೊಂಡಿತು. ಟೈಲರ್. "ಏನಾದ್ರೂ ಸಿಕ್ತಾ ಮೇಡಂ?" ಇಲ್ಲ ಎಂದಾಗ ಕ್ಷಮೆ ಕೇಳಿ ಇಟ್ಟ. ಇನ್ನು ಐದು ದಿನ.

* * *

ವೈದ್ಯರ ಮಗನ ಅರ್ಜಿಯಲ್ಲಿ ಊರ ಸಾರ್ವಜನಿಕ ಗ್ರಂಥಾಲಯದಲ್ಲೂ ಮೂವತ್ತು ಗಂಟೆ ಸೇವೆ ಎಂದಿತ್ತು. ಅದನ್ನೂ ತಾಳೆ ನೋಡಿಬಿಡೋಣ ಎಂದು ಸೋಮವಾರ ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಅಲ್ಲಿಗೆ ಹೋದರು. ಗ್ರಂಥಪಾಲಕಿ ನಲವತ್ತೈದರ ಹೆಂಗಸು. ಹಾಜರಿ ಪುಸ್ತಕ ಕೊಡುತ್ತೇನೆ ಎಂದು ಹಿಂದಿನ ಕಪಾಟಿಗೆ ಹೋದರು. ಪುಸ್ತಕವನ್ನು ಎಳೆದರು. ಎಳೆದ ಕೈಯಲ್ಲೇ ಪಕ್ಕದ ಪೆಟ್ಟಿಗೆಯಿಂದ ಒಂದು ರಟ್ಟು ತೆಗೆದು, ಪೆನ್ಸಿಲಿನಲ್ಲಿ ಏನೋ ಗೀಚಿ, ಖಾಲಿಯಾದ ಜಾಗದಲ್ಲಿ ನಿಲ್ಲಿಸಿದರು.

ಇನ್‌ಸ್ಪೆಕ್ಟರ್ ಕಪಾಟಿನ ಹತ್ತಿರ ಹೋಗಿ ನೋಡಿದರು. ರಟ್ಟಿನ ಮೂಲೆಯಲ್ಲಿ 17 ಎಂದಿತ್ತು.

"ಇದೇನು?"

"ಅದಾ? ಪುಸ್ತಕ ಹೊರಗೆ ಹೋಗಿದೆ ಅಂತ ಗುರುತು. ತಾರೀಕು ಬರೆದಿಡೋದು. ಜಾಗ ಮುಚ್ಚಿಹೋದ್ರೆ ವಾಪಸ್ ಬರಬೇಕಾಗಿದ್ದು ಮರೆತೇ ಹೋಗುತ್ತೆ." ಗ್ರಂಥಪಾಲಕಿ ನಕ್ಕರು. "ಈಗ ಎಲ್ಲಾ ಕಂಪ್ಯೂಟರಲ್ಲೇ ಇದೆ, ಇದರ ಅಗತ್ಯ ಇಲ್ಲ. ನಂಗೆ ಕೆಲಸ ಕಲಿಸಿದ ದೊಡ್ಡ ಮೇಡಂ ಒಬ್ರಿದ್ರು. ರಟ್ಟು ಇಡದೆ ಪುಸ್ತಕ ಮುಟ್ಟಿದ್ರೆ ಸ್ಕೇಲಲ್ಲಿ ಕೈಗೆ ಹೊಡೀತಿದ್ರು. ಮೂವತ್ತೆಂಟು ವರ್ಷ ಇಲ್ಲೇ ಇದ್ರು. ಈಗ ಬೇಡ ಅಂದ್ರೂ ನನ್ನ ಕೈ ಕೇಳಲ್ಲ."

"ಅವರು ಈಗ ಎಲ್ಲಿದಾರೆ?"

"ವೃದ್ಧಾಶ್ರಮದಲ್ಲಿ. ಏಳನೇ ರೂಮು ಅಂತ ಯಾರೋ ಹೇಳಿದ್ರು. ಹೋಗಿ ನೋಡ್ಕೊಂಡು ಬರ್ಬೇಕು ಅಂತ ನಾಲ್ಕು ವರ್ಷದಿಂದ ಅಂದ್ಕೋತಾನೇ ಇದೀನಿ."

ವೈದ್ಯರ ಮಗನ ಹೆಸರು ಹಾಜರಿ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ನೋಡುವ ಹೊತ್ತಿಗೆ ಅವರಿಗೆ ಅದು ಬೇಕಾಗಿರಲಿಲ್ಲ.

* * *

ಮೂರು ಇಪ್ಪತ್ತಕ್ಕೆ ಏಳನೇ ರೂಮು. ಅಜ್ಜಿ ಅದೇ ಕುರ್ಚಿಯಲ್ಲಿ, ಅದೇ ಕಿಟಕಿಯ ಕಡೆ ಕೂತಿದ್ದರು. ಎದುರಿನ ಕುರ್ಚಿ ಖಾಲಿ ಇತ್ತು. ಇನ್‌ಸ್ಪೆಕ್ಟರ್ ಅದರಲ್ಲಿ ಕೂರಲಿಲ್ಲ. ಕಪಾಟಿನ ಮುಂದೆ ನಿಂತು ಪುಸ್ತಕಗಳನ್ನು ಎಣಿಸಿದರು. ಚೀಟಿ ಇರುವಂಥವು ಹನ್ನೊಂದು. ಕೊನೆಯಲ್ಲಿ ಹಳೇ ಪತ್ರಿಕೆಯ ಹೊದಿಕೆ ಹಾಕಿದ ಇನ್ನೊಂದು, ಉಳಿದವುಗಳಿಗಿಂತ ಎತ್ತರ. ಹೊದಿಕೆಯ ಮಡಿಕೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಕಣ್ಣಿರುವವರಿಗೂ ಹಾಗೆ ಮಡಚಲು ಬರುತ್ತಿರಲಿಲ್ಲ.

"ಇದರಲ್ಲಿ ಚೀಟಿ ಇಲ್ಲವಲ್ಲ ಅಮ್ಮ."

"ಅದು ಓದೋ ಪುಸ್ತಕ ಅಲ್ಲ," ಎಂದರು ಅಜ್ಜಿ. ತಡವಾಗಿಯಾದರೂ ಕೇಳಿದರಲ್ಲ ಎನ್ನುವಂತಿತ್ತು ಆ ಮಾತು.

ಹೊದಿಕೆ ಬಿಚ್ಚಿದರೆ ಹಸಿರು ರಟ್ಟು. ಒಂದು ಹಾಳೆಯೂ ಹರಿದಿರಲಿಲ್ಲ. ಹಗಲುಪಾಳಿಯ ಆಯಾ ಮತ್ತು ಮ್ಯಾನೇಜರ್ ಪಂಚರಾಗಿ ಸಹಿ ಹಾಕಿದರು. ಮ್ಯಾನೇಜರ್ ಬಾಯಿ ಬಿಟ್ಟುಕೊಂಡೇ ಸಹಿ ಹಾಕಿದ.

"ನೀವೇ ತಗೊಂಡ್ರಾ?"

"ಹೌದು."

"ಸಹಾಯ ಮಾಡಿದೋರು?"

"ಯಾರಿಲ್ಲ. ಬೀರು ಎಲ್ಲಿದೆ, ಅದು ಎಷ್ಟನೇದು ಅಂತ ಗೊತ್ತಿತ್ತು. ನೀರಿನ ನೆಪ ಬೇಕಲ್ಲ ಅಂತ ಲೋಟ ತಗೊಂಡೆ. ಗಾಜು ತಳ್ಳೋಕೆ ಎರಡು ಕೈ ಬೇಕಾಯ್ತು, ಕೆಳಗಿಟ್ಟೆ."

"ರಟ್ಟು ಯಾಕಿಟ್ರಿ? ಅದನ್ನಿಡದಿದ್ರೆ ನಾವು ಇಲ್ಲಿಗೆ ಬರ್ತಿರಲಿಲ್ಲ."

ಅಜ್ಜಿ ಮುಖ ಪಕ್ಕಕ್ಕೆ ತಿರುಗಿಸಿ ಇನ್‌ಸ್ಪೆಕ್ಟರನ್ನು ನೋಡಲು ಪ್ರಯತ್ನಿಸಿದರು. "ವಾಪಸ್ ಇಡಬೇಕಲ್ಲಮ್ಮ," ಎಂದರು. "ತಗೊಂಡಿದ್ದು ಇಟ್ಕೊಳ್ಳೋಕಲ್ಲ. ಒಂದು ತಿಂಗಳಿಗೆ."

ಗಡಿಯಾರ ಮೂರು ನಲವತ್ತು ಎಂದು ಬರೆದು, ಹೇಳಿಕೆಯ ಹಾಳೆ ತೆರೆದರು. ಹೇಳಿಕೆ ಉದ್ದವಿರಲಿಲ್ಲ. ಆರು ವರ್ಷದಲ್ಲಿ ನನಗೆ ಓದಿ ಹೇಳಲು, ಈ ಹುಡುಗಿಯನ್ನು ಬಿಟ್ಟು, ಹನ್ನೊಂದು ಮಕ್ಕಳು ಬಂದರು. ಒಬ್ಬೊಬ್ಬರೂ ಒಂದೊಂದು ಪುಸ್ತಕ ಹಿಡಿದು, ಒಂದು ಮುಗಿದರೆ ಇನ್ನೊಂದು ಹಿಡಿದರು. ಪ್ರತಿಯೊಬ್ಬರ ಗಂಟೆಯೂ ಯಾವುದೋ ಪುಸ್ತಕದ ನಡುವೆ ಮುಗಿಯಿತು. ಬರುತ್ತೇನೆ ಅಜ್ಜಿ, ಉಳಿದದ್ದು ಮುಂದಿನ ವಾರ ಓದೋಣ ಎಂದರು. ಯಾರೂ ಬರಲಿಲ್ಲ. ಮುಂದೆ ಬಂದ ಮಗುವಿಗೆ ನಡುವಿನಿಂದ ಓದು ಎಂದರೆ, ಕತೆ ತಲೆಬುಡ ಗೊತ್ತಾಗಲ್ಲ ಎಂದು ತಾನು ತಂದ ಪುಸ್ತಕವನ್ನೇ ಓದುತ್ತಿತ್ತು. ನಿಂತ ಕಡೆಯಲ್ಲೆಲ್ಲ ಚೀಟಿ ಇಟ್ಟಿದ್ದೇನೆ. ಈ ಹುಡುಗಿಯ ಓದು ಚೆನ್ನಾಗಿತ್ತು. ಅವಳು ಗಂಟೆ ನೋಡುತ್ತಿರಲಿಲ್ಲ. ಈಗಿನ ಪುಸ್ತಕದಲ್ಲಿ ಎಪ್ಪತ್ತು ಪುಟ ಉಳಿದಿದೆ, ಎರಡು ಗಂಟೆಯಲ್ಲಿ ನಲವತ್ತು ಪುಟ ಓದಬಹುದು. ಲೆಕ್ಕ ಹಾಕಿದೆ. ರಿಜಿಸ್ಟರ್ ಕಾಣದಿದ್ದರೆ ಹೊಸದು ಮಾಡುತ್ತಾರೆ, ಒಂದಷ್ಟು ಗಂಟೆ ಮತ್ತೆ ಎಣಿಸುತ್ತಾರೆ, ಅಷ್ಟರಲ್ಲಿ ಒಂದಾದರೂ ಕತೆ ಕೊನೆ ಮುಟ್ಟುತ್ತದೆ ಅಂದುಕೊಂಡೆ.

"ಇಪ್ಪತ್ತೊಂದನೇ ತಾರೀಕಿಗೆ ಅವಳ ಅರ್ಜಿ ಹೋಗಬೇಕಿತ್ತು," ಎಂದರು ಇನ್‌ಸ್ಪೆಕ್ಟರ್. "ಇಲ್ಲದಿದ್ರೆ ಅವಳಿಗೆ ಸೀಟಿಲ್ಲ."

ಅಜ್ಜಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. "ತಾರೀಕು ಅಂತ ಒಂದು ಇದೆ ಅಂತ ನಂಗೆ ಯಾರೂ ಹೇಳ್ಲಿಲ್ಲ," ಎಂದರು. "ಗಂಟೆ ಅಂತ ಮಾತ್ರ ಹೇಳ್ತಿದ್ರು."

ನಾಲ್ಕು ಐದಕ್ಕೆ ದಸ್ತಗಿರಿ ಮಾಡಲಾಯಿತು. ದಸ್ತಗಿರಿ ಪತ್ರದಲ್ಲಿ, ಬಂಧನದ ವಿಷಯ ಯಾರಿಗೆ ತಿಳಿಸಲಾಗಿದೆ ಎಂಬ ಒಂದು ಕಾಲಂ ಇರುತ್ತದೆ. ಗಡಿಯಾರ ಪೆನ್ನು ಅಲ್ಲಿ ಇಟ್ಟು ಕಾದರು.

"ಯಾರಿಗೆ ತಿಳಿಸೋಣ ಅಮ್ಮ?"

ಅಜ್ಜಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ತುಟಿ ಅಲುಗುತ್ತಿತ್ತು, ಒಂದೊಂದೇ ಹೆಸರನ್ನು ಕಪಾಟಿನಿಂದ ಎಳೆದು ಮತ್ತೆ ಒಳಗೆ ತಳ್ಳುತ್ತಿರುವಂತೆ. "ಆ ಹುಡುಗಿದು ಬರೀಬೇಡಿ," ಎಂದರು ಕೊನೆಗೆ. ಬೇರೆ ಹೆಸರು ಹೇಳಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಒಂದು ಕಾಲಮನ್ನೂ ಖಾಲಿ ಬಿಟ್ಟಿರದ ಗಡಿಯಾರ ಆಶ್ರಮದ ಮ್ಯಾನೇಜರ್ ಎಂದು ಬರೆದರು.

ಠಾಣೆಗೆ ಜೀಪಿನ ಮುಂದಿನ ಸೀಟಿನಲ್ಲಿ ಕರೆದುಕೊಂಡು ಹೋದರು. ಮ್ಯಾನೇಜರ್ ಜಾಮೀನು ಕೊಟ್ಟ. ಆರೂಕಾಲಿಗೆ ಅದೇ ಸೀಟಿನಲ್ಲಿ ವಾಪಸ್ ಬಿಟ್ಟರು. ದಾರಿಯಲ್ಲಿ ಅಜ್ಜಿ ಕಿಟಕಿಯ ಗಾಜು ಇಳಿಸಲು ಹೇಳಿ, ಗಾಳಿಗೆ ಮುಖ ಕೊಟ್ಟು ಕೂತಿದ್ದರು. ಗೇಟು ದಾಟಿ ಎರಡು ವರ್ಷವಾಗಿತ್ತಂತೆ.

* * *

ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ತಾವೇ ಟೈಲರ್ ಅಂಗಡಿಗೆ ಹೋದರು. ಎರಡು ಹೊಲಿಗೆ ಯಂತ್ರ, ಹ್ಯಾಂಗರಿನಲ್ಲಿ ಯಾರದೋ ತೋಳಿಲ್ಲದ ಕೋಟು. ರಿಜಿಸ್ಟರ್ ಈಗ ಮುದ್ದೆಮಾಲು, ನ್ಯಾಯಾಲಯಕ್ಕೆ ಹೋಗುತ್ತದೆ. ಆದರೆ ಪುಟಗಳ ದೃಢೀಕೃತ ಪ್ರತಿ ಕೊಡಬಹುದು. ಉಳಿದ ಎರಡು ಗಂಟೆಯನ್ನು ಹೊಸ ರಿಜಿಸ್ಟರಿನಲ್ಲಿ ಬರೆಯಲು ಮ್ಯಾನೇಜರ್ ಒಪ್ಪಿದ್ದಾನೆ. ಅಷ್ಟನ್ನು ಹೇಳಿ, ತೆಗೆದದ್ದು ಯಾರು, ಯಾಕೆ ಎನ್ನುವುದನ್ನೂ ಹೇಳಿದರು.

ಟೈಲರ್ ಕತ್ತರಿ ಕೆಳಗಿಟ್ಟ. "ಎರಡು ವರ್ಷ ಬಸ್ಸಲ್ಲಿ ನಿಂತ್ಕೊಂಡು ಹೋಗಿದಾಳೆ ನನ್ನ ಮಗಳು. ಆ ಅಮ್ಮನಿಗೆ ಒಂದು ಕತೆ ಮುಖ್ಯ ಆಯ್ತಾ?"

ಹುಡುಗಿ ಗುಂಡಿಗಳ ಡಬ್ಬದಲ್ಲಿ ಬೆರಳಾಡಿಸುತ್ತಿದ್ದಳು. "ಬರ್ತೀನಿ ಅಂತ ನಾನೂ ಹೇಳ್ತಿದ್ದೆ ಅಪ್ಪ," ಎಂದಳು. "ಭಾನುವಾರ ಎರಡು ಗಂಟೆ ಓದಿ, ಬರ್ತೀನಿ ಅಜ್ಜಿ ಅಂತ ಹೇಳಿ ಬಂದುಬಿಡೋದು ಅಂದ್ಕೊಂಡಿದ್ದೆ. ಬರಲ್ಲ ಅಂತ ನಂಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು ಅಂತ ಗೊತ್ತಿರಲಿಲ್ಲ."

ಟೈಲರ್ ಯಂತ್ರದ ಪೆಡಲು ತುಳಿದ. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಬುಧವಾರ ನಾಲ್ಕರಿಂದ ಆರರವರೆಗೆ ಅವಳು ಆಶ್ರಮದಲ್ಲಿದ್ದಳು. ಹೊಸ ರಿಜಿಸ್ಟರಿನ ಮೊದಲ ಸಾಲಿನಲ್ಲಿ ಅವಳ ಸಹಿ, ಪಕ್ಕದಲ್ಲಿ ಏಳನೇ ರೂಮಿನ ಓರೆಯಾದ ಸಹಿ. ನೂರಿಪ್ಪತ್ತು ಗಂಟೆ.

ಗುರುವಾರ ಸಂಜೆ ಕೌನ್ಸೆಲರ್ ಠಾಣೆಗೆ ಫೋನು ಮಾಡಿದರು. ಮ್ಯಾನೇಜರ್ ಬಾಯಿಂದ ವಿಷಯ ಶಾಲೆ ಮುಟ್ಟಿತ್ತು. "ಎಫ್‌ಐಆರ್ ಪ್ರತಿ ಒಂದು ಸಿಗುತ್ತಾ ಮೇಡಂ? ಅರ್ಜಿಯಲ್ಲಿ ಒಂದು ಪ್ರಬಂಧ ಇದೆ, ನಿಮ್ಮನ್ನು ಬದಲಿಸಿದ ಒಂದು ಅನುಭವ ಅಂತ. ಇಂಥದ್ದು ಸಾವಿರಕ್ಕೆ ಒಂದು ಮಗುವಿಗೂ ಸಿಗಲ್ಲ. ತನ್ನ ಓದು ಕೇಳೋಕೆ ಒಬ್ಬ ಕುರುಡಿ ಅಜ್ಜಿ ಕಳ್ಳತನ ಮಾಡ್ತಾರೆ ಅಂದ್ರೆ, ಸಮಿತಿಯವರು ಎದ್ದು ನಿಲ್ತಾರೆ. ಸೀಟು ಕೈಯಲ್ಲಿದ್ದ ಹಾಗೆ. ನಾನು ಅವಳಿಗೆ ಹೇಳಿದೀನಿ, ಇವತ್ತು ರಾತ್ರಿ ಕೂತು ಬರಿ ಅಂತ."

ಪ್ರತಿ ಕೊಡಲು ಬರುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಹೇಳಿದರು.

ಇಪ್ಪತ್ತೊಂದನೇ ತಾರೀಕು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ, ಹೊಸ ರಿಜಿಸ್ಟರಿನ ಪುಟವನ್ನೂ ದೃಢೀಕರಿಸಲು ಗಡಿಯಾರ ಆಶ್ರಮಕ್ಕೆ ಹೋಗಿ ಬಂದರು. ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದರು.

"ಆಯಾ ಒಂದು ವಿಷಯ ಹೇಳಿದ್ಲು ಮೇಡಂ. ನಿನ್ನೆ ಸಂಜೆ ಐದಕ್ಕೆ ಆ ಹುಡುಗಿ ಮತ್ತೆ ಬಂದಿದ್ಲಂತೆ. ಹೋಗಿದ್ದು ಎಂಟಕ್ಕೆ. ರಿಜಿಸ್ಟರಿನಲ್ಲಿ ಎಂಟ್ರಿ ಇಲ್ಲ. ಬ್ಯಾಗಿಂದ ಪೆನ್ನೇ ತೆಗೀಲಿಲ್ಲವಂತೆ."

"ನಿಮ್ಮ ಪಂಚನಾಮೆಗೆ ಬೇಕಾ ಅದು?"

"ಬೇಡ," ಎಂದರು ಗಡಿಯಾರ. "ಸಮಯ ಹೇಳಿದೆ ಅಷ್ಟೇ."

ಮಧ್ಯಾಹ್ನ ಮೂರೂವರೆಗೆ ಹುಡುಗಿ ಠಾಣೆಗೆ ಬಂದಳು. ಬಾಗಿಲು ಮುಚ್ಚಿತೇ ಎಂದು ತಿರುಗಿ ನೋಡಿದಳು. ಪ್ರತಿಗಳನ್ನು ಎಣಿಸಿ ಸಹಿ ಮಾಡಿ ತೆಗೆದುಕೊಂಡಳು. ಪಕ್ಕದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದರೆ ಆಯಿತು, ಉಳಿದದ್ದೆಲ್ಲ ಸಿದ್ಧವಿದೆ ಎಂದಳು. ಅವಳ ಫೈಲಿನ ಮೇಲೆ ಪ್ರಬಂಧದ ಹಾಳೆಗಳಿದ್ದವು. ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ ತಿರುಗಿಸಿ ಅವರ ಕಡೆ ತಳ್ಳಿದಳು.

ಅಪ್ಪನ ಅಂಗಡಿಯಲ್ಲಿ ಗುಂಡಿಯ ಕಾಜ ಹೊಲಿಯಲು ಕಲಿತದ್ದರ ಬಗ್ಗೆ ಬರೆದಿದ್ದಳು. ಮೊದಲ ವರ್ಷ ಎಷ್ಟು ಅಂಗಿ ಕೆಡಿಸಿದೆ, ಕೆಟ್ಟದ್ದನ್ನು ಅಪ್ಪ ರಾತ್ರಿ ಹೇಗೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು ಎಂದು. ಸರಳವಾಗಿತ್ತು. ಸಮಿತಿಯವರು ಎದ್ದು ನಿಲ್ಲುವಂಥದ್ದೇನೂ ಅಲ್ಲ. ಆಶ್ರಮದ ಹೆಸರು ಎಲ್ಲೂ ಇರಲಿಲ್ಲ.

"ನಿಮ್ಮ ಕೌನ್ಸೆಲರ್ ಬೇರೆ ವಿಷಯ ಹೇಳಿದ್ರಲ್ಲ."

"ಹೇಳಿದ್ರು."

"ಅದನ್ನ ಬರೆದಿದ್ರೆ ಸೀಟು ಸಿಗ್ತಿತ್ತೇನೋ."

"ಸಿಗ್ತಿತ್ತು," ಎಂದಳು ಹುಡುಗಿ. ಅವಳಿಗೆ ಅದರಲ್ಲಿ ಅನುಮಾನವಿರಲಿಲ್ಲ. ಹಾಳೆಗಳನ್ನು ಜೋಡಿಸಿ, ಅಂಚು ಸಮ ಮಾಡಿ ಫೈಲಿಗೆ ಹಾಕಿದಳು. ಗೋಡೆಯ ಗಡಿಯಾರ ಮೂರು ನಲವತ್ತು ತೋರಿಸುತ್ತಿತ್ತು.

"ಆ ಪುಸ್ತಕ ಹೇಗೆ ಮುಗಿಯುತ್ತೆ?" ಇನ್‌ಸ್ಪೆಕ್ಟರ್ ಕೇಳಿದರು. ತಾವು ಯಾಕೆ ಕೇಳಿದೆವು ಎನ್ನುವುದು ಅವರಿಗೇ ತಿಳಿಯಲಿಲ್ಲ.

ಹುಡುಗಿ ಅವರನ್ನು ನೋಡಿದಳು. ಏನೋ ಹೇಳಲು ಹೊರಟವಳ ಹಾಗೆ ಕಂಡಿತು. ನಂತರ ಫೈಲನ್ನು ಎದೆಗೆ ಅವುಚಿಕೊಂಡು ಎದ್ದಳು.

"ನಾನು ಬುಧವಾರದವರೆಗೆ ಮಾತ್ರ ಓದಿದ್ದು ಮೇಡಂ," ಎಂದಳು. "ರಿಜಿಸ್ಟರಿನಲ್ಲಿ ಇದೆಯಲ್ಲ."

ಹೊರಗೆ ಹೋಗುವಾಗ ಬಾಗಿಲನ್ನು ಮೆಲ್ಲಗೆ, ಸದ್ದಾಗದಂತೆ ಎಳೆದುಕೊಂಡಳು.